ಗೋಧಿ ಇಲ್ಲದ ಭಾನುವಾರ

ಕೇಕು ಓವನ್ನಿನ ಒಳಗೇ ಕುಸಿದು ಹೋಗಬಹುದಿತ್ತು. ಕುಸಿಯದೆ ಚೆನ್ನಾಗಿ ಉಬ್ಬಿ, ಕತ್ತರಿಸಲು ಹೋದಾಗ ಮರಳಿನಂತೆ ಉದುರಬಹುದಿತ್ತು. ಹೊರಗೆ ಬಣ್ಣ ಬಂದು ಒಳಗೆ ಹಸಿ ಹಿಟ್ಟು ಉಳಿದು, ಬೀಗತಿಯಾಗಲಿರುವವರ ಕಣ್ಣೆದುರಿಗೇ ಚಾಕುವಿಗೆ ಮೆತ್ತಿಕೊಳ್ಳಬಹುದಿತ್ತು. ಓವನ್ ಹಚ್ಚಿದ ಗಳಿಗೆಗೆ ಸರಿಯಾಗಿ ಕರೆಂಟು ಹೋಗಬಹುದಿತ್ತು. ಮನೆಗೆ ಮಂದಿ ಬರುವುದು ನಮ್ಮ ಓಣಿಯ ಕರೆಂಟಿಗೆ ಹೇಗೋ ಮೊದಲೇ ಗೊತ್ತಾಗುತ್ತದೆ. ನನ್ನ ಗಂಡ ಹೊರಗೆಲ್ಲೋ ಬಿಸ್ಕಿಟು ತಿಂದ ಕೈಯಲ್ಲೇ ಬಂದು ಬಡಿಸುವ ಚಮಚ ಹಿಡಿಯಬಹುದಿತ್ತು. ಮೇಲಿನ ಮನೆಯ ವೈನಿ ಪ್ರೀತಿಯಿಂದ ಬಿಸಿ ಬಿಸಿ ಚಪಾತಿ ತಂದು ಟೇಬಲ್ಲಿನ ನಡುವೆ ಇಡಬಹುದಿತ್ತು. ಎಲ್ಲಿಂದಲೋ ಒಂದು ಚಿಟಿಕೆ ಗೋಧಿಹಿಟ್ಟು ಜೋಳದ ಹಿಟ್ಟಿಗೆ ಸೇರಿ, ಮಗ ಮೆಚ್ಚಿದ ಹುಡುಗಿ ಹೊಟ್ಟೆ ಹಿಡಿದುಕೊಂಡು ಬೀಳಬಹುದಿತ್ತು. ಅದರ ಮುಂದಿನದನ್ನು ನಾನು ಬಗೆಬಗೆಯಾಗಿ ಕಲ್ಪಿಸಿಕೊಂಡಿದ್ದೆ. ಎಲ್ಲ ಬಗೆಯಲ್ಲೂ ಕೊನೆಗೆ ಆಸ್ಪತ್ರೆಯ ಬಾಕಿನ ಮೇಲೆ ಇಳಕಲ್ ಸೀರೆ ಉಟ್ಟುಕೊಂಡು ಕೂತವಳು ನಾನೇ ಆಗಿರುತ್ತಿದ್ದೆ. ಇದೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹುಡುಗಿ ಏನೂ ಅನ್ನದೆ, ನಗುನಗುತ್ತಲೇ, ತನ್ನ ಚೀಲದಿಂದ ತನ್ನ ಸ್ಟೀಲಿನ ಡಬ್ಬಿ ತೆಗೆದು ನಮ್ಮ ಟೇಬಲ್ಲಿನ ಮೇಲೆ ಇಟ್ಟುಕೊಂಡು ಊಟಕ್ಕೆ ಕೂಡಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ ಒಂದು, ತೀರ ಸಣ್ಣದು. ನನ್ನ ಚಿಂತೆಯ ಜರಡಿ ಎಷ್ಟೇ ಬಿಗಿಯಾಗಿದ್ದರೂ ಅದು ಮಾತ್ರ ಸಲೀಸಾಗಿ ಕೆಳಗೆ ಇಳಿದುಹೋಗಿತ್ತು.

ನಾನು ಕೆಲಸ ಮಾಡುವುದು ವಿಮಾ ಕಚೇರಿಯಲ್ಲಿ. ಇನ್ನೂ ಆಗದಿರುವ ಅನಾಹುತಗಳ ಬಗ್ಗೆ ಗಂಭೀರವಾಗಿ ವಿಚಾರ ಮಾಡಿದರೆ ಸಂಬಳ ಕೊಡುವ ಜಾಗ ಅದು. ಉಳಿದವರು ಸಂಜೆ ಅದನ್ನು ಟೇಬಲ್ಲಿನ ಖಾನೆಯಲ್ಲಿಟ್ಟು ಬೀಗ ಹಾಕಿ ಬರುತ್ತಾರೆ. ನಾನು ಮನೆಗೆ ತರುತ್ತೇನೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿನಿಂದ ಇಳಿದು ಓಡಿ ಬಂದವಳು ನಾನು. ಬಂದು ನೋಡಿದರೆ ಸಿಲಿಂಡರು ಹಿಂದಿನ ದಿನವೇ ಖಾಲಿಯಾಗಿತ್ತು. ನನ್ನ ಗಂಡ ಇದಕ್ಕೆ ಪೂರಾ ಉಲ್ಟಾ. ಭೂಮಿ ನಡುಗಿದರೂ ಪೇಪರಿನ ಪುಟ ಮುಗಿಸಿ ಏಳುವ ಮನುಷ್ಯ. "ಆದಾಗ ನೋಡೋಣು" ಎನ್ನುವುದು ಅವರ ಇಡೀ ತತ್ವಜ್ಞಾನ. ಆದಾಗ ನೋಡುವ ಕೆಲಸ ಮಾತ್ರ ಯಾವಾಗಲೂ ನನಗೇ ಬರುತ್ತದೆ.

ಮಗ ನಮ್ಮೂರ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿದ್ದಾನೆ. ಹುಡುಗಿ ಅದೇ ಕಾರ್ಖಾನೆಯಲ್ಲಿ, ತಯಾರಾದ ಮಾಲು ಸರಿ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಉಪ್ಪಿನಬೆಟಗೇರಿಯ ಒಕ್ಕಲುತನದ ಮನೆಯವಳು. ಕ್ಯಾಂಟೀನಿನಲ್ಲಿ ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಅವಳೊಬ್ಬಳು ಮೂಲೆಯಲ್ಲಿ ತನ್ನ ಡಬ್ಬಿ ಬಿಚ್ಚಿಕೊಂಡು ಕೂಡುತ್ತಿದ್ದಳಂತೆ. ಬಹಳ ಸೊಕ್ಕಿನ ಹುಡುಗಿ ಅಂತ ನನ್ನ ಮಗ ತಿಳಿದಿದ್ದ. ಆ ಸೊಕ್ಕಿನ ಕಾರಣ ಕೇಳಿಬರುತ್ತೇನೆಂದು ಹೋದವನು ಮದುವೆಯ ಮಾತಾಡಿಕೊಂಡು ವಾಪಸು ಬಂದ.

ಕಾರಣ ಇಷ್ಟೇ. ಅವಳಿಗೆ ಸೀಲಿಯಾಕ್ ಎಂಬ ಕಾಯಿಲೆ ಇದೆ. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಅಂಟು ಅವಳ ಕರುಳಿಗೆ ಆಗಿಬರುವುದಿಲ್ಲ. ಗೋಧಿಯ ಒಂದು ಸಣ್ಣ ಚೂರು ಹೊಟ್ಟೆಗೆ ಹೋದರೂ ನಾಲ್ಕಾರು ದಿನ ಹಾಸಿಗೆ ಹಿಡಿಯುತ್ತಾಳೆ. ಹೈಸ್ಕೂಲಿನಲ್ಲಿದ್ದಾಗ ಗೊತ್ತಾದದ್ದು. ಔಷಧಿ ಇಲ್ಲ, ತಿನ್ನದೇ ಇರುವುದೇ ಔಷಧಿ.

ನಮ್ಮ ಮನೆಯವರು ಅವಳನ್ನು ಮೊದಲು ನೋಡಿದ್ದು ನಮ್ಮ ಸಂಬಂಧಿಕರದೊಂದು ಮದುವೆಯಲ್ಲಿ. ಮಗನ ಗೆಳತಿ ಎಂದು ಬಂದಿದ್ದಳು. ಊಟದ ಸಾಲಿನಲ್ಲಿ ನನ್ನ ಅತ್ತೆಯವರ ಪಕ್ಕದಲ್ಲೇ ಅವಳ ಜಾಗ. ಎಲೆಗೆ ಏನೂ ಹಾಕಿಸಿಕೊಳ್ಳದೆ, ಮೆಲ್ಲಗೆ ಡಬ್ಬಿ ಬಿಚ್ಚಿದಳು. ಹೋಳಿಗೆಯವನು ಬಂದು ನಿಂತ, ಹೋದ. ತುಪ್ಪದವನು ಬಂದು ನಿಂತ, ಹೋದ. ಅತ್ತೆಯವರಿಗೆ ತಡೆಯಲಿಲ್ಲ.

"ಯಾಕವಾ, ನಮ್ಮ ಮಂದಿ ಅಡಿಗಿ ಹಿಡಸೂದಿಲ್ಲೇನು ನಿನಗ?"

"ಹಂಗಲ್ರಿ ಅಜ್ಜಿ. ನಂಗ ಗೋಧಿ ಆಗೂದಿಲ್ರಿ. ಎಲ್ಲೆ ಹೋದ್ರೂ ನನ್ನ ಡಬ್ಬಿ ನಾನ ಒಯ್ತೇನಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಅತ್ತೆಯವರು ಬೇಸರ ಮಾಡಿಕೊಂಡರು. ಮನೆಗೆ ಬಂದ ಮೇಲೂ ಮಾಡಿಕೊಂಡರು. ಬೇಸರ ಕಡಿಮೆಯಾದ ಮೇಲೆ ಮಗ ನನ್ನನ್ನು ಹಿಂದಿನ ಹಿತ್ತಲಿಗೆ ಕರೆದುಕೊಂಡು ಹೋಗಿ ಖರೇ ಸಂಗತಿ ಹೇಳಿದ. ಹುಡುಗಿಗೆ ಇವನ ಬಗ್ಗೆ ತಕರಾರಿಲ್ಲ. ಅವಳ ಹೆದರಿಕೆ ನಮ್ಮ ಅಡುಗೆಮನೆಯದು. ಹಿಂದೊಮ್ಮೆ ಅವಳ ಸ್ವಂತ ಚಿಕ್ಕಮ್ಮನೇ "ಗೋಧಿ ಹಾಕಿಲ್ಲ, ಬರೇ ರವಾ ಹಾಕೇನಿ" ಎಂದು ಪ್ರೀತಿಯಿಂದ ತಿನ್ನಿಸಿ ಅವಳನ್ನು ಆಸ್ಪತ್ರೆಗೆ ಕಳಿಸಿದ್ದರಂತೆ. ರವೆಯೂ ಗೋಧಿಯದೇ ಎಂಬುದು ಆಮೇಲೆ ಹೊಳೆಯಿತಂತೆ. ಅಂದಿನಿಂದ ಅವಳು ಯಾರ ಮನೆಯಲ್ಲೂ ಒಂದು ತುತ್ತು ಮುಟ್ಟಿಲ್ಲ.

"ಅಕಿ ಏನಂದ್ಳ ಗೊತ್ತೇನವ್ವಾ?" ಎಂದ ಮಗ. "ಗಂಡನ ಮನ್ಯಾಗ ಜೀವನಪೂರ್ತಿ ಡಬ್ಬಿ ಮುಂದಿಟ್ಕೊಂಡ ಕೂಡೂದು ನನಗ ಆಗೂದಿಲ್ಲ, ಹಂಗ ಕೂಡೂದಾದ್ರ ನಮ್ಮವ್ವನ ಮನ್ಯಾಗ ಕೂಡ್ತೇನಿ ಅಂದ್ಳು."

ಮುಂದಿನ ಭಾನುವಾರ ಅವಳ ಹುಟ್ಟುಹಬ್ಬ. ಅವಳೂ ಅವಳ ತಾಯಿಯೂ ನಮ್ಮ ಮನೆ ನೋಡಲು ಬರುವವರಿದ್ದರು. ಹುಡುಗನ ಮನೆಯವರು ಹೆಣ್ಣು ನೋಡುವುದನ್ನು ಕೇಳಿದ್ದೇನೆ. ಇವರು ನೋಡಲು ಬರುತ್ತಿದ್ದದ್ದು ನಮ್ಮ ಮಿಕ್ಸರನ್ನು.

"ಕೇಕ್ ತಿಂದು ಎಷ್ಟೋ ವರ್ಷ ಆತಂತ ಅಕಿ," ಎಂದ ಮಗ, ಆಕಾಶ ನೋಡುತ್ತ.

"ನಾ ಮಾಡ್ತೇನಿ ಬಿಡು," ಎಂದುಬಿಟ್ಟೆ. ವಿಮಾ ಕಚೇರಿಯವಳು, ಒಂದೂ ಷರತ್ತು ಓದದೆ ಸಹಿ ಮಾಡಿದ ಹಾಗಾಯಿತು.

ಮೊದಲು ಅತ್ತೆಯವರಿಗೆ ತಿಳಿಸಿ ಹೇಳಬೇಕಾಗಿತ್ತು. ಅವರು ಚಹಾದ ಬಟ್ಟಲು ಹಿಡಿದುಕೊಂಡು ಶಾಂತವಾಗಿ ಕೇಳಿದರು.

"ಗೋಧಿ ಬ್ಯಾಡ ಅಂದ್ರ ಬ್ಯಾಡ. ಅದರಾಗೇನದ. ಉಪ್ಪಿಟ್ಟ ಮಾಡು."

"ರವಾ ಗೋಧೀದ ಇರ್ತದ ಅತ್ತಿ."

"ಹಂಗಾರ ಮೈದಾದ್ದು ಏನರ."

"ಅದೂ ಗೋಧೀದ."

"ಶ್ಯಾವಗಿ?"

"ಅದೂ ಗೋಧೀದ."

ಅತ್ತೆಯವರು ಬಟ್ಟಲು ಕೆಳಗಿಟ್ಟರು. "ಹಂಗಾದ್ರ ಇಷ್ಟ ವರ್ಷ ನಾವು ಥರಾವರಿ ತಿಂಡಿ ಅಂತ ಬರೇ ಗೋಧೀನ ತಿಂದೀವೇನು?"

ಇದಕ್ಕಿಂತ ದೊಡ್ಡ ಪೆಟ್ಟು ಮುಂದೆ ಕಾದಿತ್ತು. ಸಂಶಯ ಬಂದು ಇಂಗಿನ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರ ಮೇಲಿನ ಇರುವೆ ಗಾತ್ರದ ಅಕ್ಷರ ಓದಿದೆ. ಇಂಗು ಬರೀ ಇಂಗಲ್ಲ. ಅದರಲ್ಲಿ ಗೋಧಿಹಿಟ್ಟು ಬೆರೆಸಿರುತ್ತಾರೆ. ಗಟ್ಟಿಯಾಗಿ ಓದಿದ್ದು ನನ್ನ ತಪ್ಪು. ಅತ್ತೆಯವರು ಮನೆಯವರಲ್ಲೇ ಯಾರದೋ ಹಳೆಯ ಹಗರಣ ಬಯಲಾದಂತೆ ಬಾಗಿಲಿಗೆ ಆತು ನಿಂತರು.

"ಏಕಾದಶಿಗೂ ಒಗ್ಗರಣಿಗೆ ಇದನ್ನ ಹಾಕೇನಿ ನಾನು."

"ಗೊತ್ತಿಲ್ದ ಹಾಕೀರಿ ಬಿಡ್ರಿ."

"ಗೊತ್ತಿಲ್ದ ಹಾಕಿದ್ರ ದೇವರು ಒಪ್ಪತಾನ. ಇಷ್ಟ ಏಕಾದಶಿ ಹಸದದ್ದು ಹೊಟ್ಟಿ ಒಪ್ಪಬೇಕಲ್ಲ."

ಅಂದಿನಿಂದ ಅತ್ತೆಯವರು ನನ್ನ ಪಕ್ಷಕ್ಕೆ ಬಂದರು. ಬಂದವರು ಪಕ್ಷದ ಮುಖ್ಯಸ್ಥರೇ ಆದರು. ಗೋಧಿ ಈಗ ಅವರ ಸ್ವಂತ ವೈರಿ. ನನ್ನ ಗಂಡ ಅಡುಗೆಮನೆಯ ಹೊಸ್ತಿಲ ಮೇಲೆ ಬ್ರೆಡ್ಡಿನ ತುಣುಕು ಹಿಡಿದು ನಿಂತರೆ, "ಅಲ್ಲೇ ನಿಂದರು, ಕೈ ತೊಳಕೊ, ಬಾಯೀನೂ ತೊಳಕೊ" ಎಂದು ಒಳಗಿನಿಂದ ಆಜ್ಞೆ ಬರುತ್ತಿತ್ತು. ಸೂತಕದಲ್ಲೂ ನಮ್ಮ ಮನೆಯಲ್ಲಿ ಇಷ್ಟು ಬಿಗಿ ನಡೆದದ್ದಿಲ್ಲ.

ಜೋಳದ ನಾಡಿನಲ್ಲಿ ಜೋಳದ ಹಿಟ್ಟಿಗೇನು ಬರ ಎಂದು ನೀವು ಕೇಳಬಹುದು. ನಾನೂ ಹಾಗೇ ತಿಳಿದಿದ್ದೆ. ಜೋಳದ ಚೀಲ ಹೊತ್ತು ಗಿರಣಿಗೆ ಹೋದೆ. ಗಿರಣಿಯವನು ತಲೆಯಿಂದ ಕಾಲಿನವರೆಗೆ ಬಿಳಿಯಾಗಿ ನಿಂತಿದ್ದ. ಆ ಬಿಳಿ ಯಾವುದರದು ಎಂಬ ಪ್ರಶ್ನೆ ನನ್ನ ಜೀವನದಲ್ಲಿ ಮೊದಲ ಸಲ ಹುಟ್ಟಿತು.

"ನಮ್ಮದಕ್ಕಿಂತ ಮೊದಲ ಏನ ಬೀಸೀರಿ?"

"ಗೋಧಿ ರೀ ಅಕ್ಕಾರ."

"ಅದಕ್ಕಿಂತ ಮೊದಲ?"

"ಅದೂ ಗೋಧೀರಿ. ಓಣ್ಯಾಗ ಮದಿವಿ ಐತಿ."

"ನಡುವ ಗಿರಣಿ ಒಂದ್ಸಲ ತೊಳದ್ರ?"

ಅವನು ನನ್ನನ್ನೊಮ್ಮೆ, ಗಿರಣಿಯನ್ನೊಮ್ಮೆ ನೋಡಿದ. "ತೊಳ್ಯಾಕ ಇದೇನ ಭಾಂಡೆ ಏನ್ರಿ?"

ಚೀಲ ವಾಪಸು ಹೊತ್ತು ತಂದೆ. ಕಚೇರಿ ಮುಗಿಸಿ ಬಂದು, ಚಷ್ಮಾ ಏರಿಸಿಕೊಂಡು, ಜೋಳವನ್ನು ಮೊರದಲ್ಲಿ ಹರವಿ, ಅದರಲ್ಲಿ ಅಡಗಿ ಕೂತ ಗೋಧಿಯ ಕಾಳುಗಳನ್ನು ಆರಿಸಿದೆ. ಅತ್ತೆಯವರು ಎದುರಿಗೆ ಕೂತು ಮತ್ತೊಮ್ಮೆ ಆರಿಸಿದರು. ಒಂದು ಕಾಳು ಸಿಕ್ಕರೂ "ಇಲ್ಲೊಬ್ಬ ಕುಂತಾನ ನೋಡು" ಎಂದು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಆಮೇಲೆ ಹೊಸ ಮಿಕ್ಸರು, ಹೊಸ ಜರಡಿ. ಮಿಕ್ಸರಿನಲ್ಲಿ ಜೋಳ ಬೀಸುವ ಸದ್ದಿಗೆ ಮೇಲಿನ ಮನೆಯ ವೈನಿ ಇಳಿದು ಬಂದು "ಮನ್ಯಾಗ ಬೋರ್ ಹೊಡಸಾಕತ್ತೀರೇನ್ರಿ?" ಎಂದು ಕೇಳಿ ಹೋದರು.

ಕೇಕಿನ ಅಚ್ಚು, ಬೇಕಿಂಗ್ ಪೌಡರು ತರಲು ಹುಬ್ಬಳ್ಳಿಯ ಕೇಶ್ವಾಪುರಕ್ಕೆ ಹೋದೆ. ಅಲ್ಲಿ ಬೇಕರಿ ಸಾಮಾನಿನ ಅಂಗಡಿಯೊಂದಿದೆ. ಬೇಕಿಂಗ್ ಪೌಡರಿನಲ್ಲೂ ಕೆಲವರು ಗೋಧಿಯ ಪಿಷ್ಟ ಹಾಕುತ್ತಾರೆಂದು ಎಲ್ಲೋ ಓದಿದ್ದೆ. ಅದಕ್ಕೇ ಅಲ್ಲಿದ್ದ ಒಂದೊಂದೇ ಡಬ್ಬಿ ತೆಗೆದು ಹಿಂದೆ ಮುಂದೆ ತಿರುಗಿಸಿ ಓದಿದೆ. ಕೋಕೋ ಪುಡಿ ಓದಿದೆ. ಸಕ್ಕರೆ ಪುಡಿ ಓದಿದೆ. ಮೇಣದ ಬತ್ತಿಯ ಪಾಕೀಟನ್ನೂ ಓದಿದ್ದು ಸ್ವಲ್ಪ ಜಾಸ್ತಿಯಾಯಿತು ಎಂದು ಈಗ ಅನ್ನಿಸುತ್ತದೆ. ಅಂಗಡಿಯವರು ಒಂದು ಸ್ಟೂಲು ತಂದು ಹಾಕಿದರು.

"ಕೂತು ಓದ್ರಿ ಮೇಡಂ. ಪರೀಕ್ಷಾ ಏನರ ಅದ ಏನ್ರಿ?"

"ಭಾನುವಾರ ಅದರೀ," ಎಂದೆ. ಸುಳ್ಳೇನೂ ಹೇಳಿರಲಿಲ್ಲ.

ಮೊದಲ ಕೇಕು ಬರೀ ಜೋಳದ ಹಿಟ್ಟಿನದು. ಮನೆಯಲ್ಲಿ ತತ್ತಿ ನಡೆಯುವುದಿಲ್ಲ. ಗ್ಲೂಟೆನ್ನೂ ಇಲ್ಲ, ತತ್ತಿಯೂ ಇಲ್ಲ ಎಂದರೆ ಹಿಟ್ಟಿಗೆ ಒಂದಕ್ಕೊಂದು ಹಿಡಿದುಕೊಳ್ಳಲು ಕಾರಣವೇ ಇಲ್ಲ. ಆದರೂ ಇದು ಹಿಡಿದುಕೊಂಡಿತ್ತು, ಬಿಡಲಾರದ ಹಾಗೆ. ಚಾಕು ಇಳಿಯಲಿಲ್ಲ. ನನ್ನ ಗಂಡ ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದರು.

"ಛಲೋ ಆಗೇದ. ಕಂಪೌಂಡಿಗೆ ಒಂದು ಇಟ್ಟಂಗಿ ಕಡಿಮಿ ಬಿದ್ದಿತ್ತು."

ಎರಡನೆಯದಕ್ಕೆ ಅಕ್ಕಿಹಿಟ್ಟು ಬೆರೆಸಿದೆ. ಅದು ನೋಡಲು ಬಹಳ ಚೆಂದ ಬಂತು. ಮುಟ್ಟಿದೊಡನೆ ಪುಡಿಯಾಯಿತು. ಅತ್ತೆಯವರು ಆ ಪುಡಿಗೆ ಬೆಲ್ಲ ತುಪ್ಪ ಹಾಕಿ ಉಂಡೆ ಕಟ್ಟಿದರು. ಕಚೇರಿಗೆ ಒಯ್ದೆ. ಎಲ್ಲರೂ ಹೊಗಳಿ ತಿಂದರು, ಹೇಗೆ ಮಾಡಿದಿರಿ ಎಂದು ಕೇಳಿದರು. ಮೊದಲು ಒಂದು ಕೇಕು ಕೆಡಿಸಬೇಕು ಎಂದರೆ ಯಾರೂ ನಂಬಲಿಲ್ಲ.

ನನಗೆ ನಿದ್ದೆ ಹಾರಿತು. ಭಾನುವಾರ ಹತ್ತಿರ ಬರುತ್ತಿತ್ತು. ಅಗಸಿ ಬೀಜವನ್ನು ಪುಡಿ ಮಾಡಿ ನೀರಿನಲ್ಲಿ ನೆನೆಸಿದರೆ ತತ್ತಿಯ ಹಾಗೆ ಅಂಟಂಟಾಗುತ್ತದೆ, ಹಿಟ್ಟನ್ನು ಹಿಡಿದಿಡುತ್ತದೆ ಎಂದು ಮಗ ಮೊಬೈಲಿನಲ್ಲಿ ಹುಡುಕಿ ತೋರಿಸಿದ. ನಮ್ಮ ಕಡೆ ಅಗಸಿ ಎಂದರೆ ಚಟ್ನಿಪುಡಿ. ಅದು ಕೇಕಿನೊಳಗೆ ಹೋಗುವುದು ನನಗೇ ಒಂದು ಥರ ಕಂಡಿತು. ಅತ್ತೆಯವರು ಹಿಂದೆ ನಿಂತು ಇಣುಕಿ ನೋಡಿದರು.

"ಅಗಸಿ ಹಾಕಿದ ಮ್ಯಾಲೆ ನಾಕ ಎಸಳ ಬಳ್ಳೊಳ್ಳಿನೂ ಹಾಕು. ಕೇಕ್ ಕೆಟ್ರ ರೊಟ್ಟಿ ಕೂಡ ಹಚ್ಕೊಂಡ ತಿನ್ನಾಕ ಬರ್ತದ."

ಬೆಳ್ಳುಳ್ಳಿ ಹಾಕಲಿಲ್ಲ. ಜೋಳದ ಹಿಟ್ಟು, ಸ್ವಲ್ಪ ಅಕ್ಕಿಹಿಟ್ಟು, ಹಣ್ಣಾಗಿ ಕಪ್ಪು ತಿರುಗಿದ ಬಾಳೆಹಣ್ಣು, ಮೊಸರು, ಬೆಲ್ಲ, ಏಲಕ್ಕಿ, ನೆನೆಸಿದ ಅಗಸಿ. ಕಲಸಿದ ಹಿಟ್ಟನ್ನು ಹಾಗೇ ಸ್ವಲ್ಪ ಹೊತ್ತು ಮುಚ್ಚಿಟ್ಟು ಆಮೇಲೆ ಬೇಯಿಸಿದೆ. ಮೂರನೆಯ ಕೇಕು ನಿಂತಿತು. ಕತ್ತರಿಸಿದರೆ ತುಂಡಾಯಿತು, ತುಂಡು ತುಂಡಾಗಿಯೇ ಉಳಿಯಿತು. ನಾವೆಲ್ಲ ಅದರ ಸುತ್ತ ಮೆಲುದನಿಯಲ್ಲಿ ಮಾತಾಡುತ್ತಿದ್ದೆವು, ಎಲ್ಲಿ ಮನಸ್ಸು ಬದಲಾಯಿಸೀತೋ ಎಂದು.

ಶನಿವಾರ ಮನೆಯಲ್ಲಿದ್ದ ಗೋಧಿಯನ್ನೆಲ್ಲ ಹೊರಗೆ ಹಾಕಿದೆವು. ಗೋಧಿಯ ಡಬ್ಬ, ಹಿಟ್ಟು, ರವೆ, ಶ್ಯಾವಿಗೆ, ಬ್ರೆಡ್ಡು, ಬಿಸ್ಕಿಟು, ಇಂಗಿನ ಡಬ್ಬಿ, ಚಪಾತಿಯ ಮಣೆ ಮತ್ತು ಲಟ್ಟಣಿಗೆ ಎಲ್ಲವೂ ಮೇಲಿನ ಮನೆಗೆ ಏರಿದವು. ಇಳಿಯುವಾಗ ವೈನಿಯ ಕೈ ಹಿಡಿದು, ನಾಳೆ ಏನಾದರೂ ಆಗಲಿ ಚಪಾತಿ ತರಬೇಡಿ ಎಂದು ಬೇಡಿಕೊಂಡೆ. ಖಾನೆಗಳನ್ನು ತೊಳೆದೆ, ಒರೆಸಿದೆ, ಮತ್ತೆ ತೊಳೆದೆ. ನನ್ನ ಗಂಡ ಬೆತ್ತದ ಕುರ್ಚಿಯಲ್ಲಿ ಕಾಲು ಮೇಲೆತ್ತಿಕೊಂಡು ಪೇಪರು ಓದುತ್ತಿದ್ದರು.

"ನನ್ನನ್ನೂ ಮ್ಯಾಲ ಇಟ್ಟ ಬರ್ತೀಯೇನು? ನಿನ್ನೆ ಎರಡು ಚಪಾತಿ ತಿಂದೇನಿ."

ಅದರ ವಿಚಾರವನ್ನೂ ನಾನು ಮಾಡದೆ ಇರಲಿಲ್ಲ.

ಭಾನುವಾರ ಅವರು ಬಂದರು. ಹುಡುಗಿ ಹಸಿರು ಕಾಟನ್ ಸೀರೆ ಉಟ್ಟಿದ್ದಳು. ಹೆಗಲಿಗೆ ಚೀಲ. ಚೀಲದ ಹೊಟ್ಟೆ ಗುಂಡಗೆ ಉಬ್ಬಿತ್ತು. ಡಬ್ಬಿ ಬಂದಿದೆ ಎಂದು ನನಗೆ ಬಾಗಿಲಲ್ಲೇ ತಿಳಿಯಿತು. ಅವಳ ತಾಯಿ ಸೋಫಾದಲ್ಲಿ ಕೂಡಲೇ ಇಲ್ಲ. "ನೀರು ನಾನ ತಗೋತೇನಿ ಬಿಡ್ರಿ ಅಕ್ಕಾರ" ಎಂದು ನೇರವಾಗಿ ಅಡುಗೆಮನೆಗೆ ನಡೆದರು. ನೀರು ಕುಡಿಯುವ ನೆಪದಲ್ಲಿ ಒಂದೊಂದೇ ಖಾನೆಯ ಮೇಲೆ ಕಣ್ಣಾಡಿಸಿದರು. ಒಂದು ಲೋಟ ನೀರನ್ನು ಅಷ್ಟು ಸಾವಕಾಶ ಕುಡಿದವರನ್ನು ನಾನು ನೋಡಿಲ್ಲ.

"ಗೋಧಿ ಡಬ್ಬಿ ಎಲ್ಲೆ ಇಡ್ತೀರ್ರಿ?"

"ಮ್ಯಾಲಿನ ಮನ್ಯಾಗ ಇಟ್ಟೇವ್ರಿ."

"ನಿಮ್ಮ ಮಾಳಗಿ ಮ್ಯಾಲೇನ್ರಿ?"

"ಅಲ್ರಿ. ಬ್ಯಾರೆ ಮಂದಿ ಮನ್ಯಾಗ."

ಆ ತಾಯಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ, ಅನ್ನ, ಇಂಗಿಲ್ಲದ ಸಾರು, ಮೊಸರು. ಹುಡುಗಿ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಒಂದು ಕೈ ಚೀಲದ ಮೇಲೆ, ಒಂದು ಕೈ ತಟ್ಟೆಯ ಪಕ್ಕ. ಮಗ ತಟ್ಟೆಯನ್ನೇ ನೋಡುತ್ತಿದ್ದ. ಯಾರೂ ಕೇಳದಿದ್ದರೂ ನಾನು ಮಾತು ಸುರು ಮಾಡಿದೆ. ಜೋಳ ಎಲ್ಲಿಂದ ಬಂತು, ಗಿರಣಿಗೆ ಯಾಕೆ ಹಾಕಿಸಲಿಲ್ಲ, ಯಾರು ಆರಿಸಿದರು, ಆಮೇಲೆ ಯಾರು ಆರಿಸಿದರು, ರೊಟ್ಟಿ ಬಡಿಯುವ ಕೊಮ್ಮಣಿಗೆ ಯಾವಾಗ ತೊಳೆದದ್ದು. ಚಟ್ನಿಯ ಶೇಂಗಾ ಹುರಿದ ಬಾಣಲೆಯ ವಂಶಾವಳಿಯನ್ನು ಹೇಳುತ್ತಿರುವಾಗ ನನ್ನ ಗಂಡ ನಡುವೆ ಬಾಯಿ ಹಾಕಿದರು.

"ಉಣ್ಣಾಕ ಬಿಡ ಮಾರಾಯ್ತಿ. ಆರಿ ಹೋಗ್ತದ."

ಹುಡುಗಿ ತಲೆ ಎತ್ತಿದಳು. "ಮಿಕ್ಸರ್ ಹೊಸಾದೇನ್ರಿ ಅತ್ತಿಯವರ?"

"ಹೊಸಾದು. ಅದರಾಗ ಜೋಳ, ಅಕ್ಕಿ, ಅಗಸಿ ಬಿಟ್ಟ ಬ್ಯಾರೆ ಏನೂ ಹಾಕಿಲ್ಲ. ಡಬ್ಬಾ ತಂದು ತೋರಸ್ಲೇನು?"

"ಬ್ಯಾಡ್ರಿ," ಎಂದಳು. ತಾಯಿಯ ಕಡೆ ಒಮ್ಮೆ ನೋಡಿದಳು. ತಾಯಿ ಆಗಲೇ ರೊಟ್ಟಿ ಮುರಿಯುತ್ತಿದ್ದರು. ಹುಡುಗಿ ಚೀಲವನ್ನು ತೊಡೆಯಿಂದ ತೆಗೆದು ಕುರ್ಚಿಯ ಕೆಳಗೆ ಇಟ್ಟಳು. ರೊಟ್ಟಿಯ ಒಂದು ತುಣುಕು ಮುರಿದಳು, ಎಣ್ಣಿಗಾಯಿಯಲ್ಲಿ ಅದ್ದಿದಳು, ಬಾಯಿಗೆ ಹಾಕಿಕೊಂಡಳು. ಅಗಿದಳು. ನಾವು ನಾಲ್ಕು ಮಂದಿ ಅಗಿಯುವುದನ್ನು ಮರೆತು ನೋಡುತ್ತಿದ್ದೆವು.

"ಉಪ್ಪ ಸ್ವಲ್ಪ ಕಡಿಮಿ ಆಗೇದರಿ," ಎಂದಳು.

ಮಗ ಎದ್ದು ಉಪ್ಪು ತರಲು ಹೋದ. ಉಪ್ಪಿನ ಬಟ್ಟಲು ಟೇಬಲ್ಲಿನ ಮೇಲೇ ಇತ್ತು. ಅವನು ಒಳಗಿನಿಂದ ಬೇಗ ಬರಲಿಲ್ಲ.

"ಆ ಡಬ್ಬ್ಯಾಗ ಏನದ ತಂಗಿ?" ಎಂದು ಕೇಳಿದರು ನನ್ನ ಗಂಡ. ಹುಡುಗಿ ನಾಚಿಕೊಂಡು ಡಬ್ಬಿ ತೆಗೆದು ಬಿಚ್ಚಿ ತೋರಿಸಿದಳು. ಜೋಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ. ಒಂದು ವಾರ ನಾನು ನಿದ್ದೆಗೆಟ್ಟು ಯೋಚಿಸಿದ ಊಟ ಸ್ಟೀಲಿನ ಡಬ್ಬಿಯಲ್ಲಿ ಉಪ್ಪಿನಬೆಟಗೇರಿಯಿಂದ ಬಸ್ಸಿಗೆ ಬಂದಿತ್ತು. ನನ್ನ ಗಂಡ ಆ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಎಲ್ಲವನ್ನೂ ಊಟ ಮಾಡಿದರು. ಎಣ್ಣಿಗಾಯಿ ಇದೇ ಛಲೋ ಆಗಿದೆ ಎಂದು ಹೇಳುವಷ್ಟು ನಿರ್ಭಯರು ಅವರು.

ಕೇಕು ಕತ್ತರಿಸುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ, ಹಾಗಾಗಿ ಅದನ್ನು ವರ್ಣಿಸಲಾರೆ. ಕಣ್ಣು ತೆರೆದಾಗ ಹುಡುಗಿಯ ಬಾಯಿ ತುಂಬಿತ್ತು. ಎರಡನೆಯ ತುಂಡಿಗೆ ತಾನೇ ಕೈ ಹಾಕಿದಳು. ಅವಳ ತಾಯಿ ತಮ್ಮ ತುಂಡನ್ನು ಬೆರಳಲ್ಲಿ ಒತ್ತಿ, ಮೂಸಿ, ಸ್ವಲ್ಪ ತಿಂದು, ನನ್ನ ಕಡೆ ವಾಲಿದರು.

"ಅಗಸಿ ಎಷ್ಟ ಹಾಕೀರ್ರಿ ಅಕ್ಕಾರ?"

ಈ ಪ್ರಶ್ನೆಗಾಗಿ ನಾನು ಏನು ಬೇಕಾದರೂ ಕೊಡುತ್ತಿದ್ದೆ. ಅಳತೆ ಹೇಳಿದೆ. ಅವರು ಇನ್ನೊಮ್ಮೆ ಕೇಳಿಕೊಂಡರು. "ಮದಿವಿ ಆದ ಮ್ಯಾಲ ನೀವ ಇಕಿಗೆ ಕಲಸ್ರಿ," ಎಂದರು, ಬಹಳ ಹಿಂದೆಯೇ ಇತ್ಯರ್ಥವಾದ ಸಂಗತಿ ಎಂಬಂತೆ. ಉಪ್ಪು ತರಲು ಹೋಗಿ ಬಂದಿದ್ದ ಮಗ ಈಗ ನೀರು ತರಲು ಒಳಗೆ ಹೋದ.

ಆಗ ನಾನು ಆ ದಿನದ ಒಂದೇ ತಪ್ಪು ಮಾಡಿದೆ. ನಿಶ್ಚಿಂತಳಾದೆ.

ಸಂಜೆಯ ಬಸ್ಸಿಗೆ ಅವರು ಎದ್ದರು. ಅತ್ತೆಯವರು ನನ್ನ ಮೊಣಕೈ ಹಿಡಿದು ಜಗ್ಗಿದರು. "ಹೆಣ್ಣುಮಗಳು ಮೊದಲನೇ ಸಲ ಮನಿಗೆ ಬಂದಾಳ. ಖಾಲಿ ಸೆರಗಿಲೆ ಕಳಸ್ತೀಯೇನು? ಉಡಿ ತುಂಬು. ನಾ ಎಲ್ಲಾ ತಯಾರಿ ಮಾಡಿಟ್ಟೇನಿ." ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ತಾವು ಉಡಿ ತುಂಬುವುದಿಲ್ಲ; ತುಂಬಿಸುತ್ತಾರೆ. ದೇವರ ಮನೆಯಿಂದ ತಟ್ಟೆ ತಂದು ಕೊಟ್ಟರು. ತೆಂಗಿನಕಾಯಿ, ಎಲೆ, ಅಡಿಕೆ, ಅರಿಷಿಣದ ಬೇರು, ಮೇಲೆ ಹೊಸ ಜಂಪರ್ ಪೀಸು ಮುಚ್ಚಿತ್ತು. ಹುಡುಗಿಯನ್ನು ಮಣೆಯ ಮೇಲೆ ನಿಲ್ಲಿಸಿ ಅರಿಷಿಣ ಕುಂಕುಮ ಹಚ್ಚಿದೆ. ಅವಳು ಸೆರಗು ಒಡ್ಡಿದಳು. ಕಾಯಿ ಇಟ್ಟೆ, ಜಂಪರ್ ಪೀಸು ಇಟ್ಟೆ. ಆಮೇಲೆ ಬೊಗಸೆಯಲ್ಲಿ ಕಾಳು ತುಂಬಿ ತುಂಬಿ ಹಾಕತೊಡಗಿದೆ. ಎಷ್ಟು ಮಂದಿಗೆ ಉಡಿ ತುಂಬಿದ ಕೈ ಇದು. ಅದಕ್ಕೆ ಕಣ್ಣಿನ ಸಹಾಯ ಬೇಕಾಗುವುದಿಲ್ಲ. ಕಣ್ಣು ಹುಡುಗಿಯ ಮುಖ ನೋಡುತ್ತಿತ್ತು. ಆ ಮುಖ ಯಾಕೋ ತುಟಿ ಬಿಗಿಹಿಡಿದು ನಗು ತಡೆಯುತ್ತಿತ್ತು. ಮೂರು ಬೊಗಸೆ ಹಾಕಿದ ಮೇಲೆ ನಾನು ಕೆಳಗೆ ನೋಡಿದೆ.

ಗೋಧಿ. ನಾವು ಹುಗ್ಗಿ ಮಾಡುವ ಜವೆ ಗೋಧಿ, ಕೆಂಪಗೆ, ಸ್ವಚ್ಛವಾಗಿ ಆರಿಸಿದ್ದು. ನಮ್ಮ ಮನೆಯಲ್ಲಿ ಉಡಿಗೆ ಅಕ್ಕಿ ಹಾಕುವ ಪದ್ಧತಿ ಇಲ್ಲ. ಯಾವ ಕಾಲದಿಂದಲೂ ಗೋಧಿ.

ಅತ್ತೆಯವರ ಬಾಯಿ ತೆರೆದೇ ಇತ್ತು.

"ಅಡಿಗಿ ಮನ್ಯಾಗ ಇಟ್ಟಿದ್ದಿಲ್ಲವಾ," ಎಂದರು ಕೊನೆಗೆ, ಸಣ್ಣ ದನಿಯಲ್ಲಿ. "ಎಲ್ಲಾ ಮ್ಯಾಲ ಕಳಸೂ ಮುಂದ ಇಷ್ಟ ಮಾತ್ರ ದೇವರ ಮನ್ಯಾಗ ಎತ್ತಿಟ್ಟಿದ್ದೆ. ಉಡಿಗೆ ಬೇಕಾಗ್ತದಲ್ಲ ಅಂತ."

"ತಗೀರಿ, ತಗೀರಿ," ಎಂದು ನಾನು ಸೆರಗಿಗೆ ಕೈ ಹಾಕಿದೆ. "ಅಕ್ಕಿ ಹಾಕ್ತೇನಿ. ಕೈ ತೊಳಕೋ ತಂಗಿ. ಸೀರಿನೂ ಬದಲಿ ಮಾಡು, ನಂದ ಕೊಡ್ತೇನಿ."

"ತುಂಬಿದ ಉಡಿ ತಗ್ಯಾಕ ಬರೂದಿಲ್ಲ," ಎಂದರು ಅತ್ತೆಯವರು. ಅದೇ ಮಾತನ್ನು ಅದೇ ಗಳಿಗೆಗೆ ಹುಡುಗಿಯ ತಾಯಿಯೂ ಆಡಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಿನವಿಡೀ ಅವರಿಬ್ಬರ ಅಭಿಪ್ರಾಯ ಕೂಡಿದ್ದು ಅದೊಂದೇ ಸಲ.

"ಮುಟ್ಟಿದ್ರ ಏನಾಗೂದಿಲ್ರಿ ಅತ್ತಿ," ಎಂದಳು ಹುಡುಗಿ. ನಗು ಈ ಹೊತ್ತಿಗೆ ಅವಳ ಕೈ ಮೀರಿತ್ತು. ಸೆರಗಿನಲ್ಲಿ ಗೋಧಿ ಕುಣಿಯುತ್ತಿತ್ತು. "ಕೈ ತೊಳಕೊಂಡ್ರ ಮುಗೀತು. ಬೇಕಾದ್ರ ಇದರ ಹುಗ್ಗಿ ಮಾಡಿ ನಿಮ್ಮ ಮಗಗ ಉಣಸ್ತೇನಿ."

ನಾನು ಖಾಲಿ ಬೊಗಸೆ ಹಿಡಿದುಕೊಂಡೇ ನಿಂತಿದ್ದೆ.

"ಐದ ಹಾಕಬೇಕಲ್ರಿ," ಎಂದಳು ಅವಳು, ಸೆರಗನ್ನು ಇನ್ನಷ್ಟು ಅಗಲ ಮಾಡಿ. "ಇನ್ನೂ ಎರಡ ಉಳದಾವು."

ನಾನು ತಟ್ಟೆಗೆ ಕೈ ಹಾಕಿದೆ.